ಹ್ಯಾಮಿಲ್ಟನ್‌ಗೆ ಹೋದ ಲೋಪಸಂಧಿ

ಮೊದಲೇ ಹೇಳಿಬಿಡುತ್ತೇನೆ: ಗೆದ್ದವಳು ಅವಳು, ಜಂಬ ಕೊಚ್ಚಿಕೊಳ್ಳುವವಳು ನಾನು. ಇಂಗ್ಲಿಷ್ ಪರೀಕ್ಷೆಗೆ ಕೂತವಳು ಚೀನಾದಿಂದ ಬಂದ ನನ್ನ ಸಹೋದ್ಯೋಗಿ. ಅವಳಿಗೆ ಪಾಠ ಹೇಳಿದವಳು ಮಂಡ್ಯದ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮ ಓದಿ, ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ, ಈ ದೇಶಕ್ಕೆ ಬಂದು ಹದಿನಾರು ವರ್ಷವಾದರೂ ಬಸ್ಸನ್ನು ಬಸ್ಸು ಅಂತಲೇ ಕರೆಯುವ ನಾನು. ಇದನ್ನು ಕೇಳಿದವರೆಲ್ಲ ಮೊದಲು ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ.

ನಾವಿಬ್ಬರೂ ಆಕ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ರೆಸ್ಟ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದೆವು. ಅಲ್ಲಿ ರೆಸ್ಟ್ ಇರುವುದು ಅಜ್ಜ ಅಜ್ಜಿಯರಿಗೆ ಮಾತ್ರ. ನಾನು ಅಲ್ಲಿ ನರ್ಸ್, ಅವಳು ಕೇರ್‌ಗಿವರ್. ಅಂದರೆ ಹಾಸಿಗೆ ಬದಲಿಸುವುದು, ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು ಅವಳ ಪಾಲು. ಮಾತ್ರೆ, ಇಂಜೆಕ್ಷನ್, ಡಾಕ್ಟರಿಗೆ ಫೋನ್ ಮಾಡುವುದು ನನ್ನ ಪಾಲು. ಆದರೆ ಅವಳು ತನ್ನ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬ್ಯಾಂಡೇಜ್ ಸುತ್ತುವ ಅವಳ ಕೈ ನೋಡಿದರೆ ಸಾಕು, ನನ್ನ ಕೈಯನ್ನು ಜೇಬಿಗೆ ಹಾಕಿಕೊಳ್ಳೋಣ ಅನ್ನಿಸುತ್ತಿತ್ತು.

ಇಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಬೇಕಾದರೆ ಹೊರದೇಶದಿಂದ ಬಂದವರು ಇಂಗ್ಲಿಷ್ ಪರೀಕ್ಷೆಯೊಂದನ್ನು ದಾಟಬೇಕು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು, ಮಾತನಾಡುವುದು ಅಂತ ನಾಲ್ಕು ಭಾಗ. ಮೊದಲ ಮೂರನ್ನು ಅವಳು ಲೀಲಾಜಾಲವಾಗಿ ದಾಟಿದ್ದಳು. ಮಾತಿಗೆ ಒಂಬತ್ತಕ್ಕೆ ಏಳು ಬರಬೇಕು. ಎರಡು ಸಲ ಕೂತಿದ್ದಳು, ಎರಡು ಸಲವೂ ಆರೂವರೆ. ಎದುರಿಗೆ ಪರೀಕ್ಷಕರು ಕೂತು ಪ್ರಶ್ನೆ ಕೇಳುತ್ತಾರೆ, ಒಂದು ಚೀಟಿ ಕೊಟ್ಟು ಅದರ ಮೇಲಿನ ವಿಷಯದ ಬಗ್ಗೆ ಎರಡು ನಿಮಿಷ ಮಾತಾಡಿ ಅನ್ನುತ್ತಾರೆ. ಅಲ್ಲಿಗೆ ಅವಳ ಕತೆ ಮುಗಿಯುತ್ತಿತ್ತು.

ಇದೆಲ್ಲ ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದು ನಾನು ಅವಳ ಮೇಲೆ ರೇಗಾಡಿದ ದಿನ.

ಅವತ್ತು ಬೆಳಿಗ್ಗೆ ಮಾತ್ರೆಯ ಟ್ರಾಲಿ ತಳ್ಳಿಕೊಂಡು ಹೊರಟಿದ್ದೆ. ಹಿಂದೆ ಕುರಿ ಸಾಕುತ್ತಿದ್ದ, ತೊಂಬತ್ತರ ಹತ್ತಿರದ ಅಜ್ಜನೊಬ್ಬರ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ನನ್ನನ್ನು ನೋಡಿದವಳೇ, "ಶೀ ಕ್ಯಾನ್ ಸ್ವಾಲೋ" ಅಂದಳು. ಅಜ್ಜನನ್ನು ಅಜ್ಜಿ ಮಾಡುವುದು ಅವಳಿಗೆ ಮಾಮೂಲು. ಅವಳ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಬಾಯಲ್ಲಿ ಒಂದೇ ಸದ್ದಂತೆ. ನಾನೇನು ಕಡಿಮೆ? ಬಂದ ಹೊಸದರಲ್ಲಿ ಒಬ್ಬರೇ ಡಾಕ್ಟರ್ ಬಂದುಹೋದರೂ 'ಅವರು' ಅನ್ನುವ ಮರ್ಯಾದೆಗೆ 'ದೇ ಕೇಮ್' ಅಂದು, ಎಷ್ಟು ಜನ ಬಂದಿದ್ದರು ಅಂತ ಕೇಳಿಸಿಕೊಂಡವಳು. ಹಾಗಾಗಿ ಅವಳ 'ಶೀ'ಯನ್ನು ಮನಸ್ಸಿನಲ್ಲೇ 'ಹೀ' ಮಾಡಿಕೊಂಡೆ. ಅಜ್ಜ ನುಂಗುತ್ತಾರೆ, ಸರಿ. ಒಳಗೆ ಹೋಗಿ ಮಾತ್ರೆ ಬಾಯಿಗೆ ಹಾಕಿ ನೀರು ಕೊಟ್ಟೆ.

ಅಜ್ಜ ಕೆಮ್ಮಿದರು, ಕೆಂಪಗಾದರು, ಕಣ್ಣು ಮೇಲೆ ಮಾಡಿದರು. ಅವಳು ಓಡಿ ಬಂದು ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದಳು. ಮಾತ್ರೆ ಹೊರಗೆ ಬೀಳುವ ತನಕ ನನ್ನ ಜೀವ ಬಾಯಿಗೆ ಬಂದಿತ್ತು. ಸುಧಾರಿಸಿಕೊಂಡ ಮೇಲೆ ಅಜ್ಜ ನನಗೆ ಕುರಿ ಕಾಯುವವರ ಭಾಷೆಯಲ್ಲಿ ಚೆನ್ನಾಗಿ ಉಗಿದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಉಗಿಸಿಕೊಂಡಿಲ್ಲ.

ಹೊರಗೆ ಬಂದು ಅವಳನ್ನು ಹಿಡಿದೆ. ನುಂಗಲಿಕ್ಕೆ ಆಗುತ್ತೆ ಅಂತ ಯಾಕೆ ಹೇಳಿದೆ ಅಂತ ಕೂಗಾಡಿದೆ. ಅವಳು ನನ್ನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು, ಗ್ಲೌಸಿನ ಡಬ್ಬಿಯ ಮೇಲೆ 'ಕ್ಯಾಂಟ್' ಅಂತ ಇಂಗ್ಲಿಷಿನಲ್ಲಿ ಬರೆದು, ಕೊನೆಯ 'ಟಿ' ಅಕ್ಷರವನ್ನು ರಟ್ಟು ಹರಿಯುವ ಹಾಗೆ ಮೂರು ಸಲ ತಿದ್ದಿದಳು. ಅವಳು ಹೇಳಿದ್ದು ನುಂಗಲಿಕ್ಕೆ ಆಗುವುದಿಲ್ಲ ಅಂತ. ಕೊನೆಯ ಟ್ ಅವಳ ಗಂಟಲಿನಲ್ಲೇ ಉಳಿದುಹೋಗಿತ್ತು. ಎರಡನೇ ಸಲ ಕೇಳಿ ಖಚಿತ ಮಾಡಿಕೊಳ್ಳದೆ ಹೋದದ್ದು ನನ್ನ ತಪ್ಪು. ವರದಿಯಲ್ಲಿ ಹಾಗೆಂದೇ ಬರೆದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳ ಎದುರು ಟೀ ಇಟ್ಟು ಕ್ಷಮೆ ಕೇಳಿದೆ. ಅವಳು ಟೀ ಕುಡಿಯಲಿಲ್ಲ, ಅತ್ತಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಅವಳಿಗೆ ಕನ್ನಡ ಇಷ್ಟು ಸಲೀಸಾಗಿ ಬರುತ್ತದೆ ಅಂತ ಯಾರೂ ತಿಳಿಯಬೇಡಿ.

"ನನ್ನ ಅಮ್ಮ ಡಿಸೆಂಬರಿನಲ್ಲಿ ಬರ್ತಿದ್ದಾಳೆ" ಅಂದಳು. "ನಾನು ಇಲ್ಲಿ ನರ್ಸ್ ಅಂತ ಹೇಳಿದ್ದೀನಿ. ಮೂರು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದೀನಿ."

"ಪರೀಕ್ಷೆ?"

"ಅಕ್ಟೋಬರಿನಲ್ಲಿ ಮಾತಿನ ಭಾಗಕ್ಕೆ ಇನ್ನೊಂದು ಸಲ ಕೂತ್ಕೋತೀನಿ. ಆಗಲಿಲ್ಲ ಅಂದ್ರೆ ಅಮ್ಮನ ಜೊತೆಗೇ ವಾಪಸ್ ಹೋಗ್ತೀನಿ. ಸಾಕಾಗಿದೆ."

ಹನ್ನೊಂದು ವರ್ಷ ಸುಟ್ಟಗಾಯಕ್ಕೆ ಔಷಧಿ ಹಚ್ಚಿದವಳು ಒಂದು ಟ್ ಸಲುವಾಗಿ ಮನೆಗೆ ವಾಪಸ್ಸೇ? ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಾ, ನಾನು ಹೇಳಿಕೊಡ್ತೀನಿ ಅಂದುಬಿಟ್ಟೆ. ನಾನು ಏನು, ನನ್ನ ಇಂಗ್ಲಿಷ್ ಏನು!

ನಮ್ಮ ಮನೆ ಮೌಂಟ್ ಆಲ್ಬರ್ಟಿನಲ್ಲಿ. ಅವಳು ಅಲ್ಲೇ ಎರಡು ಬೀದಿ ಆಚೆ ಮೂವರು ಫ್ಲ್ಯಾಟ್‌ಮೇಟ್‌ಗಳ ಜೊತೆ ಇದ್ದಳು. ಮೊದಲ ಭಾನುವಾರ ಒಂದು ದಪ್ಪ ಫೈಲು ಹಿಡಿದು ಬಂದಳು. ಅದರಲ್ಲಿ ಈ ಸಲ ಬರಬಹುದಾದ ಪ್ರಶ್ನೆಗಳ ಪಟ್ಟಿ, ಪ್ರತಿಯೊಂದಕ್ಕೂ ಬರೆದಿಟ್ಟ ಉತ್ತರ. ಚೀನೀ ವಿದ್ಯಾರ್ಥಿಗಳ ಗುಂಪುಗಳಲ್ಲಿ ಇಂಥ ಪಟ್ಟಿ ಕೈಯಿಂದ ಕೈಗೆ ಹರಿದಾಡುತ್ತದಂತೆ. ಅವಳ ಬಳಿ ತಾತನ ಸೈಕಲ್ಲಿನ ಕತೆ ಒಂದಿತ್ತು. ವಯಸ್ಸಾದ ವ್ಯಕ್ತಿಯ ಬಗ್ಗೆ ಮಾತಾಡು ಅಂದರೂ ಅದೇ, ಮರೆಯಲಾಗದ ಪ್ರಯಾಣ ಅಂದರೂ ಅದೇ, ಕಳೆದುಹೋದ ವಸ್ತು ಅಂದರೂ ಅದೇ ಸೈಕಲ್ಲು. ತಾತ ಸೈಕಲ್ ಹೊಡೆಯುತ್ತಿದ್ದರಾ ಅಂತ ಕೇಳಿದೆ. ಇಲ್ಲ, ಇದು ಇಂಟರ್‌ನೆಟ್ಟಿನ ತಾತ ಅಂದಳು.

ನಾನೂ ಎಸ್ಸೆಸ್ಸೆಲ್ಸಿಯಲ್ಲಿ 'ಗ್ರಂಥಾಲಯಗಳ ಮಹತ್ವ' ಅನ್ನುವ ಪ್ರಬಂಧವನ್ನು ಉರು ಹೊಡೆದಿದ್ದವಳು. ನಮ್ಮೂರಲ್ಲಿ ಗ್ರಂಥಾಲಯವೇ ಇರಲಿಲ್ಲ. ಹಾಗಾಗಿ ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಫೈಲನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟೆ. ಇನ್ನು ಮೇಲೆ ಇದನ್ನು ಮುಟ್ಟುವ ಹಾಗಿಲ್ಲ, ನಿನ್ನ ಬಾಯಲ್ಲಿ ಏನು ಬರುತ್ತೋ ಅದನ್ನೇ ಆಡು ಅಂದೆ.

ಬಾಯಲ್ಲಿ ಬಂದದ್ದು ಬಾಲ ಕತ್ತರಿಸಿದ ಪದಗಳು. ಬೆಡ್ ಅಂದರೆ 'ಬೆ', ಕಪ್ ಅಂದರೆ 'ಕ', ಸೋಪ್ ಅಂದರೆ 'ಸೋ'. ಅವಳ ಭಾಷೆಯಲ್ಲಿ ಪದದ ಕೊನೆಗೆ ಟ್, ಡ್, ಪ್, ಕ್ ನಿಲ್ಲುವುದೇ ಇಲ್ಲವಂತೆ. ಮೂರು ಭಾನುವಾರ "ಬೆಡ್, ಬೆಡ್, ಡ್, ಡ್" ಅಂತ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಅವಳು ಬೆವರು ಒರೆಸಿಕೊಂಡು ಮತ್ತೆ 'ಬೆ' ಅನ್ನುತ್ತಿದ್ದಳು. ಒಂದು ಸಲ ತಾಳ್ಮೆ ಕೆಟ್ಟು, ನೀನೇನು ಕುರಿಯಾ ಅಂದುಬಿಟ್ಟೆ. ಅವಳೂ ಬಿಡಲಿಲ್ಲ. ಕುರಿಗೂ ಈ ದೇಶದಲ್ಲಿ ಪರ್ಮನೆಂಟ್ ರೆಸಿಡೆನ್ಸಿ ಇದೆ ಅಂದಳು. ಅವತ್ತಿನಿಂದ ಅವಳು ನನಗೆ ಹಿಡಿಸಿಬಿಟ್ಟಳು.

ನಾಲ್ಕನೇ ಭಾನುವಾರ ನಮ್ಮ ದಾರಿ ತೆರೆಯಿತು. ನನ್ನ ಮಗಳಿಗೆ ಆಗ ಹದಿನಾಲ್ಕು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪಾಠದ ನಡುವೆ ಅವಳ ಕಡೆ ತಿರುಗಿ, "ಆ ಕಪ್ಪು ತೊಳ್ದಿಡೇ, ಎಷ್ಟು ಸಲ ಹೇಳ್ಬೇಕು ನಿಂಗೆ" ಅಂದೆ.

"ಇನ್ ಅ ಮಿನಿಟ್, ಮಮ್" ಅಂದಳು ಮಗಳು.

ನನ್ನ ಬೆನ್ನ ಹಿಂದಿನಿಂದ, "ಕಪ್ಪು" ಅಂದಳು ನನ್ನ ಶಿಷ್ಯೆ.

ತಿರುಗಿ ನೋಡಿದೆ. ಕಪ್ಪು! ಎರಡು ಪಕಾರ, ಒಂದಕ್ಕೊಂದು ಒತ್ತಿಕೊಂಡು, ಸ್ಪಷ್ಟವಾಗಿ. ಇನ್ನೊಂದು ಸಲ ಹೇಳು ಅಂದೆ, ಹೇಳಿದಳು. ಬೆಡ್ಡು? ಹೇಳಿದಳು. ಬುಕ್ಕು, ಗೇಟು, ಸೋಪು, ಶೀಟು ಎಲ್ಲವನ್ನೂ ಹೇಳಿದಳು. ಕೊನೆಯ ವ್ಯಂಜನ ನಿಲ್ಲಲಿಕ್ಕೆ ಅವಳಿಗೆ ಒಂದು ಊರುಗೋಲು ಬೇಕಾಗಿತ್ತು ಅಷ್ಟೆ. ಆ ಊರುಗೋಲು ಮಂಡ್ಯದಿಂದ ನನ್ನ ನಾಲಿಗೆಯ ಮೇಲೆ ಕೂತು ಬಂದ ಉಕಾರ. ಯಾವುದನ್ನು ಬಿಡಿಸಲಿಕ್ಕೆ ಮೈಸೂರಿನ ಕಾಲೇಜಿನಲ್ಲಿ ಮೇಡಮ್ಮುಗಳು ನನಗೆ ನಾಲ್ಕು ವರ್ಷ ಬೈದಿದ್ದರೋ ಅದೇ ಉಕಾರ. ಅವತ್ತು ರಾತ್ರಿಯ ಅಡುಗೆಗೆ ಒಬ್ಬಟ್ಟು ಮಾಡಿದೆ, ಹಬ್ಬ ಯಾವುದೂ ಇರಲಿಲ್ಲ.

ಆಮೇಲೆ ಎರಡು ತಿಂಗಳು ನಾವು ಇಡೀ ಇಂಗ್ಲಿಷ್ ಭಾಷೆಗೆ ಬಾಲ ಹಚ್ಚಿದೆವು. ಕೆಲಸದಲ್ಲೂ ಅದೇ ಅಭ್ಯಾಸ. "ಮಿಲ್ಕು? ಬ್ಲ್ಯಾಂಕೆಟ್ಟು?" ಅಂತ ಅವಳು ಕೇಳಿದರೆ ಅಜ್ಜಿಯರು ತಕ್ಷಣ ಹೂಂ ಅನ್ನುತ್ತಿದ್ದರು. ಮೊದಲು ಅವಳು ಏನು ಹೇಳಿದರೂ ಎದುರಿನವರು ಕಿವಿ ಮುಂದೆ ಮಾಡಿ "ಸಾರಿ?" ಅನ್ನುತ್ತಿದ್ದರು. ಆ "ಸಾರಿ" ನಿಂತುಹೋಯಿತು. ಅವಳು ನನ್ನನ್ನು ಅಕ್ಕ ಅನ್ನತೊಡಗಿದ್ದೂ ಆಗಲೇ. ಉಳಿದವರು ಅದು ನನ್ನ ಅಡ್ಡಹೆಸರು ಅಂದುಕೊಂಡು ಅವರೂ ಅಕ್ಕ ಅಂದರು. ನಮ್ಮ ಮ್ಯಾನೇಜರ್ ಸಹಿತ.

ಪರೀಕ್ಷೆಗೆ ಎರಡು ವಾರ ಇದ್ದಾಗ ಮಗಳನ್ನು ಪರೀಕ್ಷಕಿಯಾಗಿ ಕೂರಿಸಿದೆ. ಅವಳು ಗಂಭೀರವಾಗಿ ಕೂದಲು ಕಟ್ಟಿಕೊಂಡು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ನೀವು ಏನು ಕೆಲಸ ಮಾಡುತ್ತೀರಿ ಅಂತ ಕೇಳಿದಳು. ನನ್ನ ಶಿಷ್ಯೆ ಧೈರ್ಯವಾಗಿ ಶುರು ಮಾಡಿದಳು: "ಐ ವರ್ಕು ಇನ್ ಎ ರೆಸ್ಟು ಹೋಮು. ಐ ಹೆಲ್ಪು ಓಲ್ಡು ಪೀಪಲ್ಲು."

ಮಗಳು ತುಟಿ ಕಚ್ಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಮಮ್, ಶೀ ಸೌಂಡ್ಸ್ ಎಕ್ಸಾಕ್ಟ್ಲಿ ಲೈಕ್ ಯೂ" ಅಂದಳು.

ಪಕ್ಕದ ಕೋಣೆಯಿಂದ ನನ್ನ ಗಂಡನ ನಗು ಕೇಳಿಸಿತು. ಅವರು ಧಾರವಾಡದವರು. "ಏನ್ ಮಾಡಿಬಿಟ್ಟಿ ಮಾರಾಯ್ತಿ! ಚೀನಾದ ಹೆಣ್ಮಗಳನ್ನ ಅಗದೀ ಮಂಡ್ಯದಾಕಿನ್ನ ಮಾಡಿಬಿಟ್ಟೀಯಲ್ಲ!" ಅಂತ ಬಾಗಿಲಿಗೆ ಬಂದು ನಿಂತರು. "ನಿಮ್ಮ ಕಡೆ ಮಂದಿ ಎಲ್ಲಾದಕ್ಕೂ ಒಂದ್ ಬಾಲಾ ಹಚ್ತೀರಿ ನೋಡು."

ರೆಕಾರ್ಡಿಂಗ್ ಹಾಕಿ ಕೇಳಿದೆವು. ನನ್ನ ಮುಖಕ್ಕೆ ಮಂಗಳಾರತಿ ಎತ್ತಿದ ಹಾಗಾಯಿತು. ಪ್ರತಿ ಪದಕ್ಕೂ ಬಾಲ. ನಾನು ಹಚ್ಚಿದ ಬಾಲ, ನನ್ನದೇ ಧ್ವನಿಯ ಏರಿಳಿತ. ಅವಳು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಅಕ್ಕ, ಈ ಸಲ ಆರೂವರೆ ಕೂಡ ಬರಲ್ಲ" ಅಂದಳು. ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬಳೇ ನಡೆದುಕೊಂಡು ಮನೆಗೆ ಹೋದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ನಾಚಿಕೆಯಾಯಿತು. ಒಬ್ಬಳ ಬದುಕಿನ ಜೊತೆ ಆಟ ಆಡಿಬಿಟ್ಟೆನಲ್ಲ ಅನ್ನಿಸಿತು.

ಮೂರು ದಿನ ನನ್ನ ಮನೆಯಲ್ಲಿ ಯಾರೂ ನನ್ನ ತಂಟೆಗೆ ಬರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಡ ತಟ್ಟೆ ಮುಂದೆ ಹಿಡಿದು, "ಒಂದ್ ಟೋಸ್ಟು ಕೊಡ್ರೀ ಮೇಡಂ" ಅಂತ ಆ 'ಉ'ವನ್ನು ಎಳೆದು ಎಳೆದು ಹೇಳಿದರು. ನನ್ನ ಪಿತ್ತ ನೆತ್ತಿಗೇರಿತು.

"ಇನ್ನೊಂದ್ಸಲ ಅಂದ್ರೆ ನನಗೂ ನಿಮಗೂ ಮಾತಿಲ್ಲ!" ಅಂತ ಕಿರುಚಿದೆ.

ಕಿರುಚಿದವಳು ಹಾಗೇ ನಿಂತೆ. ಮಾತಿಲ್ಲ. ಮಾತು, ಇಲ್ಲ. ಮಾತು ಅನ್ನುವ ಪದದ ಬಾಲ ಎಲ್ಲಿ ಹೋಯಿತು? ನನ್ನ ಬಾಯಿಂದಲೇ ಬಿದ್ದುಹೋಗಿತ್ತು, ಯಾರೂ ಕತ್ತರಿಸದೆ. ಹೈಸ್ಕೂಲಿನ ಕನ್ನಡ ಮೇಷ್ಟರು ಬೋರ್ಡಿನ ಮೇಲೆ ಬರೆದದ್ದು ಕಣ್ಣಿಗೆ ಕಟ್ಟಿತು: ಊರು ಕೂಡಿಸು ಊರು, ಊರೂರು. ಮಾತು ಕೂಡಿಸು ಇಲ್ಲ, ಮಾತಿಲ್ಲ. ಸ್ವರದ ಮುಂದೆ ಸ್ವರ ಬಂದರೆ ಹಿಂದಿನ ಸ್ವರ ಬಿದ್ದುಹೋಗುತ್ತದೆ, ವ್ಯಂಜನ ಹೋಗಿ ಮುಂದಿನ ಸ್ವರದ ಕೈ ಹಿಡಿಯುತ್ತದೆ. ಲೋಪಸಂಧಿ! ಅದನ್ನು ಹೇಳಲಿಕ್ಕೆ ಬಾರದೆ ಅಂಗೈ ಮೇಲೆ ಕೋಲಿನ ಏಟು ತಿಂದಿದ್ದೆ. ಇದು ಯಾವ ಜನ್ಮಕ್ಕೆ ಉಪಯೋಗಕ್ಕೆ ಬರುತ್ತೆ ಅಂತ ಆಗ ಶಪಿಸಿದ್ದೂ ನೆನಪಿದೆ.

"ರೀ, ವರ್ಕು ಕೂಡಿಸು ಇನ್?" ಅಂತ ಗಂಡನನ್ನು ಕೇಳಿದೆ.

ಪಾಪ, ಹೆದರಿದ್ದರು. "ವರ್ಕಿನ್?" ಅಂದರು.

ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಅವಳ ಮನೆಗೆ ಓಡಿದೆ. ಫ್ಲ್ಯಾಟ್‌ಮೇಟ್ ಬಾಗಿಲು ತೆಗೆದರೆ ಅವಳು ನೈಟ್ ಡ್ರೆಸ್ಸಿನಲ್ಲೇ ಗಂಜಿ ಕುಡಿಯುತ್ತಿದ್ದಳು. ಅವಳ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಪೇಪರಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ವರ್ಕು, ಇನ್, ವರ್ಕಿನ್. ಕಪ್ಪು, ಆಫ್, ಕಪ್ಪಾಫ್. ಲುಕ್ಕು, ಅಟ್, ಲುಕ್ಕಟ್. ಕ್ಯಾಂಟು, ಈಟ್, ಕ್ಯಾಂಟೀಟ್. ಅವಳು ಒಂದೊಂದನ್ನೂ ಓದಿದಳು. ಬಾಲ ತಾನಾಗಿ ಬಿದ್ದುಹೋಯಿತು, ವ್ಯಂಜನ ಗಟ್ಟಿಯಾಗಿ ನಿಂತಿತು. ಕೇಳಿದರೆ ಇಲ್ಲಿಯವರು ಮಾತಾಡಿದ ಹಾಗೇ ಕೇಳಿಸುತ್ತಿತ್ತು. ಇಲ್ಲಿಯವರೂ ಎಲ್ಲವನ್ನೂ ಅಂಟಿಸಿಯೇ ಮಾತಾಡುವುದು. ಇಷ್ಟು ವರ್ಷ ನನಗದು ಹೊಳೆದಿರಲಿಲ್ಲ.

"ಮುಂದಿನ ಪದದಲ್ಲಿ ಸ್ವರ ಇಲ್ಲದಿದ್ದರೆ?" ಅಂತ ಕೇಳಿದಳು. ನರ್ಸ್ ಅಲ್ಲವೇ, ತೊಡಕು ಮೊದಲು ಕಾಣುತ್ತದೆ.

"ಬಾಲ ಬಾಯಲ್ಲೇ ಇಟ್ಕೊ. ತುಟಿ ತಯಾರು ಮಾಡು, ಸದ್ದು ಬಿಡಬೇಡ."

ಅದನ್ನು ಕಲಿಯಲಿಕ್ಕೆ ಒಂದು ವಾರ ಹಿಡಿಯಿತು. ಉಸಿರು ಹೊರಗೆ ಬೀಳುತ್ತದೋ ಅಂತ ನೋಡಲಿಕ್ಕೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಅವಳು ಕಾರಿಡಾರಿನಲ್ಲಿ ಓಡಾಡುವುದನ್ನು ನೋಡಿ ಕುರಿಯ ಅಜ್ಜ, ಈ ಹುಡುಗಿಗೆ ಹಲ್ಲುನೋವೇ ಅಂತ ನನ್ನನ್ನು ವಿಚಾರಿಸಿದರು.

ಆಕ್ಲೆಂಡಿನಲ್ಲಿ ಆ ತಿಂಗಳು ಪರೀಕ್ಷೆಗೆ ಜಾಗ ಸಿಕ್ಕಿರಲಿಲ್ಲ, ಹ್ಯಾಮಿಲ್ಟನ್ನಿನಲ್ಲಿ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ವಾಕ್ಯ ಕಟ್ಟು ಅಂದೆ. ಬಾಂಬೆ ಅನ್ನುವ ಗುಡ್ಡ ದಾಟುವಾಗ ಟ್ರಕ್ಕುಗಳ ಬಗ್ಗೆ ಹೇಳಿದಳು. ವೈಕಾಟೊ ಹೊಳೆ ಕಂಡಾಗ ಹೊಳೆಯ ಬಗ್ಗೆ. ಹಸುಗಳು ಶುರುವಾದ ಮೇಲೆ ಹಸುಗಳದೇ ಮಾತು, ಮುಗಿಯಲೇ ಇಲ್ಲ. ನಡುವೆ ಒಂದು ಸಲ ಹಸುವೊಂದನ್ನು 'ಹೀ' ಅಂದಳು, ನಾನು ಬಿಟ್ಟುಬಿಟ್ಟೆ. ಊರು ಹತ್ತಿರ ಬಂದ ಹಾಗೆ ಮಾತು ಕಡಿಮೆಯಾಯಿತು.

"ಸೈಕಲ್ ತಾತನ ಕತೆ ಮಾತ್ರ ಹೇಳಿಬಿಡ್ಲಾ ಅಕ್ಕ? ಅದು ತಪ್ಪಿಲ್ಲದೆ ಬರುತ್ತೆ" ಅಂದಳು ಗೇಟಿನಲ್ಲಿ.

"ಆ ತಾತ ಎರಡು ಸಲ ಕೈಕೊಟ್ಟಿದ್ದಾನೆ. ಅವನನ್ನು ಕಾರಿನಲ್ಲೇ ಬಿಟ್ಟು ಹೋಗು" ಅಂದೆ.

ಹೋದಳು. ನಾನು ಎದುರಿನ ಕೆಫೆಯಲ್ಲಿ ಕೂತು ಎರಡು ಕಾಫಿ ಕುಡಿದೆ, ಒಂದರ ರುಚಿಯೂ ನೆನಪಿಲ್ಲ. ನನ್ನ ಸ್ವಂತ ಪರೀಕ್ಷೆಯ ದಿನವೂ ಇಷ್ಟು ಸಲ ಗಡಿಯಾರ ನೋಡಿರಲಿಲ್ಲ. ಏನಾದರೂ ಎಡವಟ್ಟಾದರೆ ಅವಳು ಅಮ್ಮನ ಜೊತೆ ವಿಮಾನ ಹತ್ತುತ್ತಾಳೆ, ಆ ಕೈಗಳು ಮತ್ತೆ ಗಾಯ ಕಟ್ಟುತ್ತವೋ ಇಲ್ಲವೋ ಯಾರಿಗೆ ಗೊತ್ತು ಅಂತ ಯೋಚನೆ. ಅರ್ಧ ಗಂಟೆಯಾದ ಮೇಲೆ ಅವಳು ರಸ್ತೆ ದಾಟಿ ಬಂದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ಚೀಟಿಯಲ್ಲಿ ಏನಿತ್ತು?"

"ಇತ್ತೀಚೆಗೆ ನಿಮ್ಮನ್ನು ನಗಿಸಿದ ಒಂದು ಸಂಗತಿ."

"ಏನು ಹೇಳಿದೆ?"

"ನಿಮ್ಮ ವಿಷಯ ಹೇಳಿದೆ ಅಕ್ಕ. ಇಂಡಿಯಾದ ಒಬ್ಬರು ನನ್ನ ಪದಗಳಿಗೆಲ್ಲ ಬಾಲ ಹಚ್ಚಿದರು, ಆಮೇಲೆ ಗಂಡನ ಮೇಲೆ ಸಿಟ್ಟು ಬಂದು ಬಾಲ ಕತ್ತರಿಸೋದು ಕಂಡುಹಿಡಿದರು ಅಂತ. ಎರಡು ನಿಮಿಷ ಸಾಲಲೇ ಇಲ್ಲ, ಪರೀಕ್ಷಕರೇ ನಿಲ್ಲಿಸಬೇಕಾಯಿತು."

"ನಕ್ಕರಾ?"

"ಅವರು ನಗೋ ಹಾಗಿಲ್ಲ. ಆದ್ರೆ ಬರೆಯೋದು ನಿಲ್ಲಿಸಿ ಕೇಳ್ತಿದ್ರು."

ಅವಳಿಗೆ ಹಸಿವಾಗಿತ್ತು. ಎರಡು ಪೈ ತಿಂದಳು. ವಾಪಸ್ ಬರುವ ದಾರಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ನಾನು ರೇಡಿಯೊ ಹಾಕದೆ ಓಡಿಸಿದೆ.

ಫಲಿತಾಂಶ ಬಂದದ್ದು ಮುಂದಿನ ವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವಳ ಫೋನು ಟಿಂಗ್ ಅಂದಿತು. ನೋಡಿದವಳೇ ಅದನ್ನು ನನ್ನ ಕೈಗೆ ತುರುಕಿ ಗೋಡೆಯ ಕಡೆ ತಿರುಗಿ ನಿಂತಳು. ನನ್ನ ಕನ್ನಡಕ ಟ್ರಾಲಿಯ ಮೇಲೆ ಉಳಿದಿತ್ತು. ಫೋನನ್ನು ಮಾರುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಕೊನೆಯ ಸಾಲಿಗೆ ಬಂದೆ. ಒಂದು ಸಲ ಓದಿದೆ. ನಂಬಿಕೆ ಬರದೆ ಇನ್ನೊಂದು ಸಲ ಓದಿದೆ.

"ಏಳೂವರೆ!" ಅಂತ ಕನ್ನಡದಲ್ಲೇ ಕೂಗಿದೆ. ಅವಳಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಕೂಗಿದೆ. ಕೂಗಿ ಅವಳನ್ನು ಎತ್ತಿಕೊಂಡೆ. ತೆಳ್ಳಗಿನವಳು, ಸಲೀಸಾಗಿ ಎತ್ತಬಹುದು. ಕಾರಿಡಾರಿನಲ್ಲಿ ಯಾರಾದರೂ ಬಿದ್ದರೇನೋ ಅಂದುಕೊಂಡು ಇಬ್ಬರು ಓಡಿ ಬಂದರು. ಇನ್ನೊಂದು ವಿಷಯವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ: ಹದಿನಾರು ವರ್ಷದ ಹಿಂದೆ ಅದೇ ಪರೀಕ್ಷೆಯಲ್ಲಿ ಮಾತಿಗೆ ನನಗೆ ಬಂದದ್ದು ಏಳು. ಅರ್ಧ ಅಂಕ ಹೆಚ್ಚು ತೆಗೆದಳು, ನನ್ನ ಶಿಷ್ಯೆ! ಹೊಟ್ಟೆಕಿಚ್ಚೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಅವಳು ಕೆಳಗಿಳಿದು ಬಟ್ಟೆ ಸರಿಮಾಡಿಕೊಂಡಳು. "ಅಮ್ಮನಿಗೆ ಹೇಳ್ಬೇಕು" ಅಂದಳು. "ಎಲ್ಲಾ ಹೇಳ್ಬೇಕು. ನರ್ಸ್ ಆಗಿರಲಿಲ್ಲ ಅನ್ನೋದನ್ನೂ."

ನಾನು ಎದ್ದು ಹೊರಟೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು. ಚೀನಾದಲ್ಲಿ ಆಗ ಬೆಳಗಿನ ಹೊತ್ತು. ಅಮ್ಮ ಫೋನ್ ಎತ್ತಿದರು, ಹಿಂದೆ ಮಾರುಕಟ್ಟೆಯ ಗದ್ದಲ ಕೇಳಿಸುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು, ಸಣ್ಣ ದನಿಯಲ್ಲಿ, ನಿಂತು ನಿಂತು ಮಾತಾಡಿದಳು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಎಲ್ಲಿ ಆ ಮೂರು ವರ್ಷದ 'ಸುಳ್ಳು' ಬಂತು ಅನ್ನುವುದು ಗೊತ್ತಾಯಿತು, ಅವಳ ದನಿ ಅಲ್ಲಿ ಒಡೆಯಿತು. ಆ ಕಡೆ ಅಮ್ಮ ಏನೋ ನಾಲ್ಕು ಮಾತು ಹೇಳಿದರು. ಅವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ಏನಂದ್ರು?" ಅಂತ ಕೇಳಿದೆ.

"ಅಮ್ಮನಿಗೆ ಮೊದಲಿಂದ್ಲೂ ಗೊತ್ತಿತ್ತಂತೆ." ಅವಳು ಫೋನಿನ ಮೇಲೆ ಕೈ ಮುಚ್ಚಿಕೊಂಡಿದ್ದಳು. "ಆ ವಾರ್ಡಿನಲ್ಲಿದ್ದಾಗ ಹನ್ನೊಂದು ವರ್ಷ ದಿನಾ ಮನೆಗೆ ಬಂದು ಕೆಲಸದ ಬಗ್ಗೆ ಗೊಣಗ್ತಿದ್ದೆನಂತೆ. ಡಾಕ್ಟರ್ ಸರಿಯಿಲ್ಲ, ಡ್ಯೂಟಿ ಸರಿಯಿಲ್ಲ, ಕಾಲು ನೋವು ಅಂತ. ಇಲ್ಲಿಗೆ ಬಂದ ಮೇಲೆ ಮೂರು ವರ್ಷದಲ್ಲಿ ಒಂದು ದಿನವೂ ಗೊಣಗಲಿಲ್ಲ. ಎಲ್ಲಾ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ ಅಂತಿದ್ದೆ. ಆಗಲೇ ಗೊತ್ತಾಯ್ತಂತೆ, ಮಗಳು ನರ್ಸ್ ಆಗಿಲ್ಲ ಅಂತ."

ನಾನು ಅಳುವವಳಲ್ಲ, ಆದರೂ ಕಣ್ಣು ತುಂಬಿಕೊಂಡಿತು. ಫೋನಿನಲ್ಲಿ ಅಮ್ಮ ಮತ್ತೇನೋ ಕೇಳಿದರು. ಅವಳು ಮೂಗು ಒರೆಸಿಕೊಂಡು, ನಗುತ್ತಾ, ಈಗ ಗೊಣಗಲಿಕ್ಕೆ ಏನಾದರೂ ಇದೆಯಾ ಅಂತ ಅಮ್ಮ ಕೇಳುತ್ತಿದ್ದಾಳೆ ಅಂದಳು.

ಮತ್ತೆ ಶುರು ಮಾಡಿದಳು ನೋಡಿ! ಬೆನ್ನು ನೆಟ್ಟಗಾಯಿತು, ದನಿ ಏರಿತು, ಕೈ ಗಾಳಿಯಲ್ಲಿ ಆಡತೊಡಗಿತು. ಮೂರೂವರೆ ತಿಂಗಳು ದಿನಾ ಅವಳ ಮಾತು ತಿದ್ದಿದ ನಾನು ಅವಳು ಮಾತಾಡುವುದನ್ನು ಕೇಳಿದ್ದು ಅವತ್ತೇ ಮೊದಲು. ಎಷ್ಟು ವೇಗ, ಎಷ್ಟು ಜೋರು, ಅಮ್ಮನಿಗೆ ಎಲ್ಲೂ ಬಾಯಿ ಹಾಕಲು ಬಿಡುತ್ತಿರಲಿಲ್ಲ. ನಡುವೆ ನನ್ನ ಕಡೆ ಬೆರಳು ತೋರಿಸಿ ಏನೋ ದೂರು ಹೇಳಿದಳು, ಆ ಕಡೆ ಅಮ್ಮ ಗಹಗಹಿಸಿ ನಕ್ಕರು. ಬಿಡುವು ಮುಗಿದು ಐದು ನಿಮಿಷವಾಗಿತ್ತು. ನಾನು ಎದ್ದು ಹೋಗಿ ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿದೆ, ಅವಳ ಪಾಲಿನ ಹಾಸಿಗೆಗಳನ್ನು ನಾನೇ ಬದಲಿಸಿದೆ. ಅರ್ಧ ಗಂಟೆ ಕಳೆದು ಶೀಟು ಹೊತ್ತುಕೊಂಡು ಆ ಬಾಗಿಲು ದಾಟುವಾಗಲೂ ಒಳಗೆ ಅವಳು ಅಮ್ಮನ ಹತ್ತಿರ ಗೊಣಗುತ್ತಲೇ ಇದ್ದಳು.